ಇಬ್ಬರ ಮಾತು, ಎರಡು ಟ್ರ್ಯಾಕ್: ಮನೆಯಲ್ಲೇ ದನಿ ರೆಕಾರ್ಡ್ ಮಾಡಿ ಜೋಡಿಸುವುದು ಹೇಗೆ?

ನಮ್ಮ ದೊಡ್ಡಮ್ಮನಿಗೆ ಬೀಸೋ ಪದ ಬರುತ್ತವೆ. ಚಳ್ಳಕೆರೆ ಕಡೆಯ ಹಳ್ಳಿಯಿಂದ ಸೊಸೆಯಾಗಿ ದಾವಣಗೆರೆಗೆ ಬಂದವರು, ಬರುವಾಗ ಪದಗಳನ್ನೂ ಜೊತೆಗೆ ತಂದರು. ಅವರ ನಾದಿನಿ, ಅಂದರೆ ನಮ್ಮ ಅತ್ತೆಗೂ ಅಷ್ಟೇ ಪದ ಗೊತ್ತು, ಆದರೆ ಸಾಲುಗಳು ಬೇರೆ. ಹೋದ ಬೇಸಿಗೆಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ನಡುವೆ ಒಂದು ಫೋನ್ ಇಟ್ಟು, ಮುಕ್ಕಾಲು ಗಂಟೆ ರೆಕಾರ್ಡ್ ಮಾಡಿದೆ. ರಾತ್ರಿ ಕೇಳಿದರೆ ತಲೆ ಕೆಟ್ಟುಹೋಯಿತು. ದೊಡ್ಡಮ್ಮ ಎರಡನೇ ಸಾಲಿಗೆ ಬರುವಷ್ಟರಲ್ಲಿ ಅತ್ತೆ, “ಹಂಗಲ್ಲ ಅತ್ತಿಗೆ, ಅದು ಮುಂದ್ ಬರ್ತೈತಿ” ಅಂತ ಬಾಯಿ ಹಾಕಿದ್ದಾರೆ. ಮೇಲೆ ಫ್ಯಾನಿನ ಸದ್ದು, ಹೊರಗೆ ತರಕಾರಿ ಗಾಡಿಯವನ ಕೂಗು, ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ.

ಎರಡು ದನಿ ಒಂದೇ ಫೈಲಿನಲ್ಲಿ ಬೆರೆತ ಮೇಲೆ ಬೇರೆ ಮಾಡುವುದು ಅಂದರೆ, ಮಂಡಕ್ಕಿಗೆ ಎಣ್ಣೆ ಖಾರ ಕಲಸಿದ ಮೇಲೆ ಎಣ್ಣೆ ವಾಪಸ್ ತೆಗೀತೀನಿ ಅಂದ ಹಾಗೆ. ಹಾಗಾಗಿ ಎರಡನೇ ಸಲ ಬೇರೆ ರೀತಿ ಮಾಡಿದೆ. ಒಬ್ಬೊಬ್ಬರಿಗೆ ಒಂದೊಂದು ಮೈಕ್, ಒಂದೊಂದು ಟ್ರ್ಯಾಕ್, ಅಂದರೆ ಒಬ್ಬರ ದನಿಗೇ ಅಂತ ಒಂದು ಬೇರೆ ಸಾಲು. ಕೊನೆಯ ತನಕ ಅವೆರಡನ್ನೂ ಸೇರಿಸುವ ಹಾಗಿಲ್ಲ. ಇದಿಷ್ಟೇ ನಿಯಮ, ಉಳಿದದ್ದೆಲ್ಲ ಇದನ್ನು ಕಾಪಾಡಿಕೊಳ್ಳುವ ಕೆಲಸ.

ಮೊದಲು ಕೋಣೆ, ಆಮೇಲೆ ಮೈಕ್

ದುಬಾರಿ ಮೈಕ್ ಬೇಡ. ಎರಡು ಫೋನ್ ಇದ್ದರೆ ಸಾಕು. ಆದರೆ ಕೋಣೆ ಸರಿ ಇರಬೇಕು. ಟೈಲ್ಸ್ ಹಾಕಿದ ಖಾಲಿ ಹಾಲ್ ಇದೆಯಲ್ಲ, ಅಲ್ಲಿ ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಮತ್ತೆ ಆ ಗುಂಯ್‌ಗುಡುವುದನ್ನು ಯಾವ ಸಾಫ್ಟ್‌ವೇರೂ ಚೆನ್ನಾಗಿ ತೆಗೆಯುವುದಿಲ್ಲ. ಮಂಚ, ಹಾಸಿಗೆ, ಬಟ್ಟೆ ತುಂಬಿದ ಚಿಕ್ಕ ಕೋಣೆ ಹುಡುಕಿ. ನಾನು ಕಿಟಕಿಗೂ ಎದುರು ಗೋಡೆಗೂ ಕಂಬಳಿ ಕಟ್ಟಿದೆ. ನಮ್ಮ ಕಡೆ ಕುರಿ ಉಣ್ಣೆಯ ಕಂಬಳಿಗೆ ಬರವಿಲ್ಲ, ಅದರಷ್ಟು ಚೆನ್ನಾಗಿ ದನಿ ನುಂಗುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಮೊಳಕಾಲ್ಮುರು ರೇಷ್ಮೆ ಸೀರೆ ನೋಡಲು ಚೆಂದ, ಈ ಕೆಲಸಕ್ಕೆ ಮಾತ್ರ ದಂಡ. ತೆಳು ಬಟ್ಟೆ ಏನೂ ತಡೆಯುವುದಿಲ್ಲ.

ಫ್ಯಾನ್ ಆಫ್ ಮಾಡಿ. ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ಇದನ್ನು ಹೇಳುವುದು ಸುಲಭ, ಕೂರುವವರಿಗೆ ಗೊತ್ತು ಕಷ್ಟ! ಬೆಳಗ್ಗೆ ಆರು ಗಂಟೆಗೆ ಶುರು ಮಾಡಿ, ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಫ್ಯಾನ್ ಹಾಕಿ, ಮಜ್ಜಿಗೆ ಕೊಡಿ. ಚಿಕ್ಕ ಚಿಕ್ಕ ಫೈಲುಗಳಾದರೆ ಮುಂದೆ ನಿಮಗೂ ಅನುಕೂಲ.

ಬಾಯಿಗೂ ಫೋನಿಗೂ ಒಂದು ಗೇಣು ಅಂತರ ಸಾಕು. ಸಾಮಾನ್ಯವಾಗಿ ಫೋನಿನ ಮೈಕ್ ಕೆಳಗಿನ ಅಂಚಿನಲ್ಲಿರುತ್ತದೆ, ಆ ಅಂಚು ಬಾಯಿ ಕಡೆ ಇರಲಿ. ನೇರ ಎದುರಿಗೆ ಬೇಡ, ಸ್ವಲ್ಪ ಓರೆಗೆ ಇಡಿ. ಪ, ಫ, ಬ, ಭ ಹೇಳುವಾಗ ಬಾಯಿಂದ ನುಗ್ಗುವ ಗಾಳಿ ಮೈಕಿಗೆ ಹೊಡೆದರೆ ಡಬ್ ಡಬ್ ಅನ್ನುತ್ತದೆ. ಒಬ್ಬರ ಮೈಕಿಗೂ ಇನ್ನೊಬ್ಬರ ಮೈಕಿಗೂ ಕನಿಷ್ಠ ಮೂರು ಗೇಣು ದೂರ ಇರಲಿ. ಬಾಯಿಂದ ಮೈಕಿಗೆ ಎಷ್ಟೋ ಅದರ ಮೂರರಷ್ಟು ಮೈಕಿಂದ ಮೈಕಿಗೆ, ಇದು ರೆಕಾರ್ಡಿಂಗ್ ಮಾಡುವವರ ಹಳೆಯ ಲೆಕ್ಕ. ಫೋನಿನ ಕೆಳಗೆ ಮಡಚಿದ ಟವೆಲ್ ಹಾಕಿ. ಇನ್ನೊಂದು ಟವೆಲ್ ಹಾಡುವವರ ತೊಡೆಯ ಮೇಲೆ, ಯಾಕೆಂದರೆ ಗಾಜಿನ ಬಳೆ ಇದೆಯಲ್ಲ, ಅದು ಪ್ರತಿ ಸಾಲಿಗೂ ತಾಳ ಹಾಕುತ್ತದೆ. ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿರಲಿ.

ರೆಕಾರ್ಡಿಂಗ್ ಆ್ಯಪ್‌ನಲ್ಲಿ ವೇವ್ (WAV, ದನಿಯನ್ನು ಕುಗ್ಗಿಸದೆ ಇಡುವ) ಫೈಲ್ ಆಯ್ಕೆ ಇದ್ದರೆ ಅದನ್ನೇ ಒತ್ತಿ. 44,100 ಹರ್ಟ್ಜ್, 16 ಬಿಟ್, ಮೋನೋ (ಒಂದೇ ಚಾನೆಲ್) ಆದರೆ ನಿಮಿಷಕ್ಕೆ ಸುಮಾರು 5.3 ಎಂಬಿ, ಗಂಟೆಗೆ 320 ಎಂಬಿ ಹತ್ತಿರ ಬರುತ್ತದೆ. ಜಾಸ್ತಿ ಅನ್ನಿಸಬಹುದು, ಒಂದು ಸಿನಿಮಾಕ್ಕಿಂತ ಕಡಿಮೆಯೇ ಅಲ್ವಾ? ದನಿಯ ಮಟ್ಟ ತೋರಿಸುವ ಮೀಟರ್ ಇರುವ ಆ್ಯಪ್ ಆದರೆ, ಜೋರು ದನಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಮುಟ್ಟುವಂತೆ ನೋಡಿಕೊಳ್ಳಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ. ಮೆಲ್ಲಗೆ ರೆಕಾರ್ಡ್ ಆದದ್ದನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಸರಿಯಾಗಿ ಕೂಡಿಸಲು ಆಗುವುದಿಲ್ಲ.

ಒಂದು ಚಪ್ಪಾಳೆ, ಅರ್ಧ ನಿಮಿಷ ಮೌನ

ಎರಡೂ ಫೋನ್ ಶುರು ಮಾಡಿದ ಮೇಲೆ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಮುಗಿಸುವಾಗ ಇನ್ನೊಂದು. ಆಮೇಲೆ ಎರಡು ಫೈಲುಗಳನ್ನು ಹೊಂದಿಸಲು ಇದೇ ಗುರುತು, ಸಿನಿಮಾದವರು ಕ್ಲ್ಯಾಪ್ ಹೊಡೆಯುವುದೂ ಇದಕ್ಕೇ. ಆಮೇಲೆ ಯಾರೂ ಮಾತಾಡದೆ ಅರ್ಧ ನಿಮಿಷ ಸುಮ್ನೆ ಕೂರಿ. ಕೋಣೆಗೂ ಅದರದ್ದೇ ಒಂದು ಸದ್ದು ಇರುತ್ತದೆ, ಅದು ಬೇಕಾಗುತ್ತದೆ. ನಮ್ಮ ಅತ್ತೆಗೆ ಅರ್ಧ ನಿಮಿಷ ಸುಮ್ಮನಿರುವುದು ಮುಕ್ಕಾಲು ಗಂಟೆ ಹಾಡುವುದಕ್ಕಿಂತ ಕಷ್ಟವಾಯಿತು.

ಇನ್ನೊಂದು ಮಾತು. ಇದನ್ನು ಯಾರಿಗೆಲ್ಲ ಕೇಳಿಸಬಹುದು ಅಂತ ರೆಕಾರ್ಡಿಂಗ್‌ನಲ್ಲೇ ಕೇಳಿ, ಉತ್ತರ ಅವರ ದನಿಯಲ್ಲೇ ಇರಲಿ. ದೊಡ್ಡಮ್ಮ ಬೀಸೋ ಪದ ಯಾರಿಗೆ ಬೇಕಾದರೂ ಕೇಳಿಸು ಅಂದರು. ಸತ್ತಾಗ ಹಾಡುವ ಪದ ಕೇಳಿದ್ದಕ್ಕೆ ಮಾತ್ರ, “ಅದನ್ನ ಮನ್ಯಾಗ್ ಹಾಡಬಾರ್ದಪ್ಪ” ಅಂದುಬಿಟ್ಟರು. ಅಲ್ಲಿಗೆ ಬಿಟ್ಟೆ.

ಫೋನಿಂದ ಲ್ಯಾಪ್‌ಟಾಪಿಗೆ ಕೇಬಲ್‌ನಲ್ಲಿ ಹಾಕಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲೇ ಕಳಿಸಬೇಕಾದರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಒಂದು ಫೋಲ್ಡರ್‌ಗೆ ‘ಮೂಲ’ ಅಂತ ಹೆಸರಿಟ್ಟು ಎಲ್ಲವನ್ನೂ ಅಲ್ಲಿಗೆ ಸುರಿಯಿರಿ, ಇನ್ನೊಂದು ಪ್ರತಿ ಹಾರ್ಡ್‌ಡಿಸ್ಕ್‌ಗೆ ಹಾಕಿ. ಆ ಫೋಲ್ಡರ್ ಒಳಗಿನ ಯಾವುದನ್ನೂ ಇನ್ನು ತಿದ್ದುವ ಹಾಗಿಲ್ಲ. ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಆಮೇಲೆ ಯಾರ ದನಿ. ಹೀಗೆ ಇಟ್ಟರೆ ಫೈಲುಗಳು ತಾವೇ ಸಾಲಾಗಿ ನಿಲ್ಲುತ್ತವೆ. ‘ನ್ಯೂ ರೆಕಾರ್ಡಿಂಗ್ 17’ ಅಂತ ಬಿಟ್ಟರೆ ಆರು ತಿಂಗಳ ನಂತರ ಅದು ದೊಡ್ಡಮ್ಮನೋ ಹಾಲಿನವನೋ ದೇವರಿಗೇ ಗೊತ್ತು.

ಆಡಾಸಿಟಿಯಲ್ಲಿ ಕೂರುವುದು

ನಾನು ಬಳಸುವುದು ಆಡಾಸಿಟಿ (Audacity) ಅನ್ನುವ ದನಿ ತಿದ್ದುವ ಸಾಫ್ಟ್‌ವೇರ್. ಕಾಸಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಶುರುವಾಗಿ, 2000ದಲ್ಲಿ ಜನರ ಕೈಗೆ ಬಂದ ಹಳೆಯ ಕುದುರೆ ಇದು. ರೀಪರ್ (Reaper), ಆರ್ಡರ್ (Ardour) ಅಂತ ಇನ್ನೂ ಬಲವಾದವು ಇವೆ, ದೊಡ್ಡ ಕೆಲಸಕ್ಕೆ ಅವೇ ವಾಸಿ. ಮನೆಮಟ್ಟಿಗೆ ಇದು ಸಾಕು. ಕೆಳಗೆ ಹೇಳುವ ಮೆನುಗಳ ಜಾಗ ನಿಮ್ಮ ಆವೃತ್ತಿಯಲ್ಲಿ ಅತ್ತಿತ್ತ ಇರಬಹುದು.

ತೆರೆದ ಕೂಡಲೇ ಪ್ರಾಜೆಕ್ಟ್ ಸೇವ್ ಮಾಡಿ, ಆಮೇಲೆ ಬೇರೆ ಕೆಲಸ. 2021ರಲ್ಲಿ ಬಂದ 3.0 ಆವೃತ್ತಿಯಿಂದ ಇಡೀ ಪ್ರಾಜೆಕ್ಟ್ ಒಂದೇ ಫೈಲ್ ಆಗಿರುತ್ತದೆ. ಅದಕ್ಕೂ ಮುಂಚೆ ಒಂದು ಚಿಕ್ಕ ಫೈಲ್, ಪಕ್ಕದಲ್ಲಿ ಡೇಟಾ ಅಂತ ಒಂದು ಫೋಲ್ಡರ್ ಇರುತ್ತಿತ್ತು. ನಾನೊಮ್ಮೆ ಜಾಣನ ಹಾಗೆ ಚಿಕ್ಕ ಫೈಲನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿದೆ. ಒಂದು ಮದುವೆಯ ಸೋಬಾನೆ ಪದಗಳು ಪೂರ್ತಿ ಹೋದವು.

ಈಗ ಎರಡೂ ಫೈಲುಗಳನ್ನು ಎಳೆದು ಕಿಟಕಿಯೊಳಗೆ ಬಿಡಿ. ಒಂದರ ಕೆಳಗೊಂದು ಎರಡು ಟ್ರ್ಯಾಕ್ ಆಗುತ್ತವೆ. ಫೋನಿನ ಎಂ4ಎ ಫೈಲ್ ತೆರೆಯದಿದ್ದರೆ ಗಾಬರಿ ಬೇಡ, ಎಫ್‌ಎಫ್‌ಎಂಪೆಗ್ (FFmpeg) ಅನ್ನುವ ತಂತ್ರಾಂಶವನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಟ್ರ್ಯಾಕ್ ಹೆಸರಿನ ಮೇಲೆ ಒತ್ತಿ ಹೆಸರು ಬದಲಿಸಿ: ದೊಡ್ಡಮ್ಮ, ಅತ್ತೆ. ಚಪ್ಪಾಳೆ ಸದ್ದು ಎರಡರಲ್ಲೂ ಸೂಜಿಯ ಹಾಗೆ ಎದ್ದು ಕಾಣುತ್ತದೆ. ಹತ್ತಿರ ಹಿಗ್ಗಿಸಿ, ಒಂದು ಕ್ಲಿಪ್ಪಿನ (ಟ್ರ್ಯಾಕ್‌ನೊಳಗಿನ ದನಿಯ ತುಂಡಿನ) ತಲೆ ಹಿಡಿದು ಜಗ್ಗಿ, ಎರಡು ಸೂಜಿಗಳನ್ನೂ ಒಂದೇ ಗೆರೆಗೆ ತನ್ನಿ.

ಕೊನೆಯ ಚಪ್ಪಾಳೆಯನ್ನೂ ನೋಡಿ. ಅದು ಕೂಡಿ ಬರದೇ ಇರಬಹುದು! ಎರಡು ಫೋನುಗಳ ಒಳಗಿನ ಗಡಿಯಾರ ಪೂರಾ ಒಂದೇ ವೇಗದಲ್ಲಿ ಓಡುವುದಿಲ್ಲ. ಐದು ನಿಮಿಷಕ್ಕೆ ಗೊತ್ತಾಗುವುದಿಲ್ಲ, ಮುಕ್ಕಾಲು ಗಂಟೆಯಾದರೆ ಒಂದು ದನಿ ಹಿಂದೆ ಬಿದ್ದಿರಬಹುದು. ಮಾತಿಲ್ಲದ ಜಾಗ ನೋಡಿ, ಕಂಟ್ರೋಲ್ ಜೊತೆ ಐ ಒತ್ತಿ ಕ್ಲಿಪ್ಪನ್ನು ಸೀಳಿ, ಸೀಳಿದ ಜಾಗದ ಆಮೇಲೆ ಬರುವ ತುಂಡನ್ನು ಚೂರು ಸರಿಸಿದರೆ ಸರಿಹೋಗುತ್ತದೆ. ಹತ್ತು ಹತ್ತು ನಿಮಿಷದ ಫೈಲ್ ಮಾಡಿದ್ದರೆ ಈ ತಾಪತ್ರಯವೇ ಇಲ್ಲ.

ಕತ್ತರಿ ಹಿಡಿಯುವ ಮುಂಚೆ ಗುರುತು ಹಾಕಿ

ಎಲ್ಲರೂ ಇಲ್ಲೇ ಅವಸರ ಮಾಡುತ್ತಾರೆ. ಮೊದಲ ಸಲ ಕೇಳುವಾಗ ಏನನ್ನೂ ಕತ್ತರಿಸಬೇಡಿ. ಪ್ಲೇ ಆಗುತ್ತಿರುವಾಗಲೇ ಕಂಟ್ರೋಲ್ ಜೊತೆ ಎಂ ಒತ್ತಿದರೆ ಆ ಜಾಗಕ್ಕೆ ಒಂದು ಲೇಬಲ್ ಬೀಳುತ್ತದೆ, ಅದಕ್ಕೇ ಬೇರೆ ಟ್ರ್ಯಾಕ್ ಹುಟ್ಟುತ್ತದೆ. ಕನ್ನಡದಲ್ಲೇ ಬರೆಯಬಹುದು. ‘ಪದ 1 ಶುರು’, ‘ರಾಗಿ ಬೀಸೋ ಕಥೆ’, ‘ಕುಕ್ಕರ್’, ‘ಅತ್ತೆ ಜಗಳ’. ಒಂದು ಗಂಟೆಯ ರೆಕಾರ್ಡಿಂಗಿಗೆ ಒಂದು ಗಂಟೆ ಇದಕ್ಕೇ ಹೋಗುತ್ತದೆ, ಹೋಗಲಿ. ಆಮೇಲೆ ಈ ಲೇಬಲ್‌ಗಳನ್ನೆಲ್ಲ ಟೆಕ್ಸ್ಟ್ ಫೈಲ್ ಆಗಿ ಹೊರತೆಗೆಯಬಹುದು, ಎಷ್ಟನೇ ಸೆಕೆಂಡಿನಲ್ಲಿ ಏನಿದೆ ಅನ್ನುವುದು ಪುಸ್ತಕದ ಪರಿವಿಡಿಯ ಹಾಗೆ ಸಿಗುತ್ತದೆ.

ಆಮೇಲೆ ಟ್ರ್ಯಾಕ್ಸ್ ಮೆನುವಿಗೆ ಹೋಗಿ ಸಿಂಕ್-ಲಾಕ್ ಆನ್ ಮಾಡಿ. ಇದನ್ನು ಮರೆತರೆ ಏನಾಗುತ್ತದೆ ಗೊತ್ತಾ? ದೊಡ್ಡಮ್ಮನ ಟ್ರ್ಯಾಕ್‌ನಲ್ಲಿ ನಾಲ್ಕು ಸೆಕೆಂಡ್ ಕೆಮ್ಮು ಡಿಲೀಟ್ ಮಾಡುತ್ತೀರಿ. ಅವರ ಮುಂದಿನ ಮಾತೆಲ್ಲ ನಾಲ್ಕು ಸೆಕೆಂಡ್ ಹಿಂದಕ್ಕೆ ಜಾರುತ್ತದೆ. ಅತ್ತೆಯ ಟ್ರ್ಯಾಕ್ ಮಾತ್ರ ಇದ್ದಲ್ಲೇ ಇರುತ್ತದೆ. ಪ್ರಶ್ನೆ ಕೇಳುವ ಮುಂಚೆಯೇ ಉತ್ತರ ಬರಲು ಶುರುವಾಗುತ್ತದೆ, ನಿಮಗದು ಅರ್ಧ ಗಂಟೆ ಕೆಲಸ ಮಾಡಿದ ಮೇಲೆ ಗೊತ್ತಾಗುತ್ತದೆ. ಸಿಂಕ್-ಲಾಕ್ ಇದ್ದರೆ ಒಂದು ಕಡೆ ಕತ್ತರಿಸಿದಾಗ ಉಳಿದ ಟ್ರ್ಯಾಕ್, ಲೇಬಲ್ ಎಲ್ಲ ಜೊತೆಯಲ್ಲೇ ಜರುಗುತ್ತವೆ. ಹಾಂ, ಆ ನಾಲ್ಕು ಸೆಕೆಂಡಿನಲ್ಲಿ ಅತ್ತೆ ಏನಾದರೂ ಹೇಳಿದ್ದರೆ ಅದೂ ಹೋಗುತ್ತದೆ, ನೋಡಿಕೊಂಡು ಮಾಡಿ. ಒಬ್ಬರನ್ನು ಮಾತ್ರ ಅಳಿಸಬೇಕಾದರೆ ಡಿಲೀಟ್ ಬೇಡ, ಆ ತುಂಡು ಆರಿಸಿ ಕಂಟ್ರೋಲ್ ಜೊತೆ ಎಲ್ ಒತ್ತಿ. ಜಾಗ ಹಾಗೇ ಇದ್ದು ಸದ್ದು ಮಾತ್ರ ಹೋಗುತ್ತದೆ.

ಇದು ಯಾಕೆ ಬೇಕು ಅಂದರೆ, ದೊಡ್ಡಮ್ಮನ ಫೋನಿಗೆ ಅತ್ತೆಯ ದನಿಯೂ ಸಣ್ಣಗೆ ಬಿದ್ದಿರುತ್ತದೆ. ದನಿ ಒಂದು ಮೀಟರ್ ಸಾಗಲು ಸುಮಾರು ಮೂರು ಮಿಲಿಸೆಕೆಂಡ್ ಬೇಕು. ಒಂದೇ ಮಾತು ಎರಡು ಟ್ರ್ಯಾಕ್‌ನಲ್ಲಿ ಅಷ್ಟು ಹಿಂದೆಮುಂದೆ ಕೇಳಿದರೆ ಬಾವಿಯೊಳಗಿಂದ ಬಂದಂತಾಗುತ್ತದೆ. ಹಾಗಾಗಿ ಅತ್ತೆ ಮಾತಾಡುವಾಗ ದೊಡ್ಡಮ್ಮನ ಟ್ರ್ಯಾಕ್ ಮೌನವಾಗಬೇಕು, ದೊಡ್ಡಮ್ಮ ಹಾಡುವಾಗ ಅತ್ತೆಯದು. ಪೂರ್ತಿ ಮೌನ ಬಂದು ಹೋಗುತ್ತಿದ್ದರೆ ಕಿವಿಗೆ ಗುಂಡಿ ಬಿದ್ದಂತೆ ಅನ್ನಿಸುತ್ತದೆ. ಆಗ ನೆನಪಿಗೆ ಬರುವುದೇ ಆ ಅರ್ಧ ನಿಮಿಷದ ಕೋಣೆಯ ಸದ್ದು. ಅದನ್ನು ಮೂರನೇ ಟ್ರ್ಯಾಕ್‌ನಲ್ಲಿ ಮೆಲ್ಲಗೆ ಉದ್ದಕ್ಕೂ ಹಾಸಿಬಿಡಿ.

ಅಳಿಸುವ ಮುಂಚೆ ಒಂದು ಕೆಲಸ: ಎರಡೂ ಟ್ರ್ಯಾಕ್ ಆರಿಸಿ ಕಂಟ್ರೋಲ್ ಜೊತೆ ಡಿ ಒತ್ತಿ ನಕಲು ಮಾಡಿ, ನಕಲನ್ನು ಮ್ಯೂಟ್ ಮಾಡಿ ಕೆಳಗೆ ಇಟ್ಟುಕೊಳ್ಳಿ. ಲೇಬಲ್ ಟ್ರ್ಯಾಕನ್ನು ಎಳೆದು ಎಲ್ಲಕ್ಕಿಂತ ಕೆಳಗೆ ಇಟ್ಟರೆ, ಸಿಂಕ್-ಲಾಕ್ ಇರುವುದರಿಂದ ಅವೂ ಜೊತೆಗೇ ಬರುತ್ತವೆ.

ನಡುವೆ ನಿಮ್ಮ ವಿವರಣೆ ಬೇಕಾದರೆ ಶಿಫ್ಟ್ ಜೊತೆ ಆರ್ ಒತ್ತಿ, ಹೊಸ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಆಗುತ್ತದೆ. ಬರೀ ಆರ್ ಒತ್ತಿದರೆ ಇದ್ದ ಟ್ರ್ಯಾಕಿನ ಬಾಲಕ್ಕೆ ಅಂಟುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲದಿದ್ದರೆ ಸ್ಪೀಕರ್‌ನಿಂದ ಬರುವ ದೊಡ್ಡಮ್ಮ ನಿಮ್ಮ ಮೈಕಿಗೂ ಬರುತ್ತಾರೆ.

ಸದ್ದು ಕಡಿಮೆ ಮಾಡುವುದು, ದನಿ ಏರಿಸುವುದು

ಇಲ್ಲಿ ಕೈ ಬಿಗಿ ಇರಲಿ. ಮಾತಿಲ್ಲದ ಒಂದು ತುಂಡು ಆರಿಸಿ ನಾಯ್ಸ್ ರಿಡಕ್ಷನ್‌ನಲ್ಲಿ ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ, ಆಮೇಲೆ ಇಡೀ ಟ್ರ್ಯಾಕ್ ಆರಿಸಿ ಓಕೆ ಕೊಡಿ. ಎಷ್ಟು ಇಳಿಸಬೇಕು ಅನ್ನುವ ಕಡೆ ನಾನು 6 ಡೆಸಿಬಲ್ ಇಡುತ್ತೇನೆ, ತೀರಾ ಗಲಾಟೆ ಇದ್ದರೆ 9. ಅದಕ್ಕಿಂತ ಮೇಲೆ ಹೋದರೆ ಮನುಷ್ಯರು ನೀರೊಳಗೆ ಕೂತು ಮಾತಾಡಿದಂತೆ ಕೇಳುತ್ತದೆ. ಹೈ-ಪಾಸ್ ಫಿಲ್ಟರ್ (ತಗ್ಗು ದನಿಗಳನ್ನು ತಡೆಯುವ ಜರಡಿ) 80 ಹರ್ಟ್ಜ್‌ಗೆ ಹಾಕಿದರೆ ನಮ್ಮ ಕರೆಂಟಿನ 50 ಹರ್ಟ್ಜ್ ಗುಂಯ್ ಇಳಿಯುತ್ತದೆ, ಹೆಂಗಸರ ದನಿಗೆ ಏನೂ ಆಗುವುದಿಲ್ಲ. ಕೊನೆಗೆ ಲೌಡ್‌ನೆಸ್ ನಾರ್ಮಲೈಜೇಷನ್, ಅಂದರೆ ದನಿಯ ಜೋರನ್ನು ಒಂದು ಗೊತ್ತಾದ ಮಟ್ಟಕ್ಕೆ ತರುವುದು. ಮೋನೋ ಆದರೆ ಮೈನಸ್ 19 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಇಡಿ.

ಈಗ ಎಕ್ಸ್‌ಪೋರ್ಟ್. ಒಂದು ವೇವ್, ಅದು ಇಟ್ಟುಕೊಳ್ಳಲು. ಒಂದು ಎಂಪಿ3, ಮೋನೋ 96 ಕೆಬಿಪಿಎಸ್, ಅದು ಹಂಚಲು. ನಿಮಿಷಕ್ಕೆ ಮುಕ್ಕಾಲು ಎಂಬಿ ಕೂಡ ಆಗುವುದಿಲ್ಲ. ಪದ ಶುರುವಾಗುವ ಕಡೆ ಮಾತ್ರ ಲೇಬಲ್ ಇಟ್ಟುಕೊಂಡು ಮಲ್ಟಿಪಲ್ ಫೈಲ್ಸ್ ಅಂತ ಕೊಟ್ಟರೆ ಒಂದೊಂದು ಪದವೂ ತನ್ನ ಹೆಸರಿನ ಬೇರೆ ಫೈಲ್ ಆಗಿ ಬರುತ್ತದೆ. ಹೆಡ್‌ಫೋನಿನಲ್ಲಿ ಚೆನ್ನಾಗಿದೆ ಅಂತ ನಿಲ್ಲಿಸಬೇಡಿ, ಕೇಳುವವರು ಕೇಳುವುದು ಫೋನಿನ ಸ್ಪೀಕರ್‌ನಲ್ಲಿ, ಒಗ್ಗರಣೆ ಹಾಕುತ್ತಾ. ಹಾಗೇ ಕೇಳಿ ನೋಡಿ.

ನಾನು ಹಾಗೇ ಅಡುಗೆಮನೆಯಲ್ಲಿ ಹಾಕಿ ಕೇಳಿಸಿದೆ. ದೊಡ್ಡಮ್ಮ, “ಇದು ನನ್ ದನಿನಾ?” ಅಂದರು. ಅತ್ತೆ ಪೂರ್ತಿ ಕೇಳಿ ಮುಗಿಸಿ, “ನಾನ್ ನಡುವ್ ಹೇಳಿದ್ದೆಲ್ಲ ಎಲ್ಲೈತಿ? ಅಕಿ ತಪ್ ಹಾಡಿದ್ದಷ್ಟೇ ಐತಲ್ಲೋ” ಅಂತ ಕೇಳಿದರು. ಲ್ಯಾಪ್‌ಟಾಪ್ ತೆರೆದೆ. ಕೆಳಗಿದ್ದ ಅವರ ನಕಲು ಟ್ರ್ಯಾಕ್‌ನ ಮ್ಯೂಟ್ ತೆಗೆದು, ಮೇಲಿನದನ್ನು ಮ್ಯೂಟ್ ಮಾಡಿ, ಇನ್ನೊಂದು ಎಂಪಿ3 ಮಾಡಿಕೊಟ್ಟೆ. ಐದು ನಿಮಿಷದ ಕೆಲಸ. ಈಗ ನಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎರಡೂ ಇವೆ, ಒಂದು ದೊಡ್ಡಮ್ಮನ ಪ್ರತಿ, ಒಂದು ಅತ್ತೆಯ ಪ್ರತಿ.