ಪದಕ ಪಡೆದ ಐರಿಷ್ ಸೈನಿಕನ ಬದುಕನ್ನು ಬೆಂಗಳೂರಿನಿಂದಲೇ ಹುಡುಕುವ ಬಗೆ

ಮೊದಲು ಒಂದು ಪ್ರಶ್ನೆ ಬಗೆಹರಿಯಬೇಕು: ಆತ ಬ್ರಿಟನ್ ರಾಣಿಯ ಸೈನ್ಯದವನೋ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದವನೋ? ಎರಡರಲ್ಲೂ ಐರಿಷರು ಬೇಕಾದಷ್ಟಿದ್ದರು. ಆದರೆ ರಾಣಿಯ ಪಡೆಯ ಕಡತಗಳಿರುವುದು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಕಂಪನಿಯವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ. ಇದು ತಿಳಿಯದೆ ಹೊರಟರೆ ಬೇರೊಬ್ಬನ ಕಾಗದಗಳಲ್ಲೇ ಕಾಲ ಕಳೆಯುತ್ತದೆ.

ಉತ್ತರ ಪದಕದ ಮೇಲೆಯೇ ಇರುತ್ತದೆ. 1857ರ ಹೋರಾಟವನ್ನು ಅಡಗಿಸಿದವರಿಗೆ ಕೊಟ್ಟ ಬೆಳ್ಳಿಯ ಮ್ಯುಟಿನಿ ಪದಕವಾದರೆ ಹೆಸರು, ರೆಜಿಮೆಂಟು ಅಂಚಿನಲ್ಲಿರುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ಓದಿ. ದಯವಿಟ್ಟು ಪಾಲಿಶ್ ಹಾಕಿ ತಿಕ್ಕಬೇಡಿ, ಸವೆದ ಅಕ್ಷರ ಮತ್ತೆ ಬರುವುದಿಲ್ಲ. ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಆದರೆ ಹೆಸರು ಪದಕ ತೂಗುವ ಮೇಲಿನ ಲೋಹದ ಪಟ್ಟಿಯ ಹಿಂಬದಿಯಲ್ಲಿ, ಸಾಹಸ ನಡೆದ ದಿನಾಂಕ ಶಿಲುಬೆಯ ಹಿಂಬದಿಯ ನಡುವೆ. ಮ್ಯುಟಿನಿ ಪದಕದ ಮೇಲೆ ಸಾಮಾನ್ಯವಾಗಿ ಸೈನಿಕನ ಸಂಖ್ಯೆ ಇರುವುದಿಲ್ಲ. ಒಂದೇ ರೆಜಿಮೆಂಟಿನಲ್ಲಿ ಇಬ್ಬರು ಜಾನ್ ರಯಾನ್‌ಗಳು ಸಿಕ್ಕರೆ ಬೇರ್ಪಡಿಸಲು ಪದಕ ಪಡೆದವರ ಪಟ್ಟಿಯೇ ಬೇಕು. ಅದರ ಕಡತ ಸರಣಿಯ ಸಂಕೇತ ರಾಣಿಯ ಪಡೆಗೆ ಕ್ಯೂನಲ್ಲಿ ಡಬ್ಲ್ಯುಒ 100, ಕಂಪನಿಯವರಿಗೆ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಎಲ್/ಎಂಐಎಲ್/5.

ರೆಜಿಮೆಂಟಿನ ಹೆಸರು ಬದಲಾಗುತ್ತಾ ಹೋಗುವುದು ಹೆಚ್ಚು ಜನ ಎಡವುವ ಜಾಗ. ಕಂಪನಿಯ 1ನೇ ಮದ್ರಾಸ್ ಫ್ಯುಸಿಲಿಯರ್ಸ್ 1860ರ ದಶಕದ ಆರಂಭದಲ್ಲಿ ರಾಣಿಯ 102ನೇ ರೆಜಿಮೆಂಟಾಯಿತು, 1881ರಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್‌ನ ಮೊದಲ ಬೆಟಾಲಿಯನ್ ಆಯಿತು. ಹಾಗಾಗಿ ಒಬ್ಬನೇ ಸೈನಿಕನ ಅರ್ಧ ಬದುಕು ಒಂದು ಸಂಸ್ಥೆಯಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಇರಬಹುದು. ಆ ರೆಜಿಮೆಂಟಿನ ಥಾಮಸ್ ಡಫಿಯನ್ನೇ ತೆಗೆದುಕೊಳ್ಳಿ. 1857ರ ಸೆಪ್ಟೆಂಬರ್ 26ರಂದು ಲಖನೌದಲ್ಲಿ 24 ಪೌಂಡರ್ ಫಿರಂಗಿಯೊಂದು ಎದುರಾಳಿಗಳ ಕೈಸೇರದಂತೆ ಉಳಿಸಿದ್ದಕ್ಕೆ ಆತನಿಗೆ ವಿಕ್ಟೋರಿಯಾ ಕ್ರಾಸ್ ಬಂತು. 1858ರ ಜೂನ್ 18ರ ಲಂಡನ್ ಗೆಜೆಟ್‌ನಲ್ಲಿ ಪ್ರಕಟಣೆಯಿದೆ. ಗೆಜೆಟ್ ಅಂತರ್ಜಾಲದಲ್ಲಿ ಉಚಿತ. ಹಳೆಯ ಅಚ್ಚನ್ನು ಯಂತ್ರ ತಪ್ಪಾಗಿ ಓದಿರುವುದರಿಂದ ಹೆಸರಿಗಿಂತ ದಿನಾಂಕ ಹಾಕಿ ಹುಡುಕುವುದು ಒಳ್ಳೆಯದು.

ರಾಣಿಯ ಪಡೆಯ ಸೇವಾ ಕಾಗದಗಳು ಡಬ್ಲ್ಯುಒ 97ರಲ್ಲಿವೆ. 1883ಕ್ಕಿಂತ ಮುಂಚಿನವು ಬಹುಪಾಲು ಪಿಂಚಣಿ ಪಡೆದು ಹೊರಬಂದವರವು. ಸೇವೆಯಲ್ಲಿದ್ದಾಗಲೇ ತೀರಿಕೊಂಡವರು ಅಲ್ಲಿ ಸಿಗುವುದಿಲ್ಲ. ಅವರಿಗೆ ಡಬ್ಲ್ಯುಒ 12ರ ಹಾಜರಿ-ಸಂಬಳ ಪಟ್ಟಿ ನೋಡಿ. ಮದ್ರಾಸ್ ಕಂಪನಿ ಸೈನಿಕರದು ಎಲ್/ಎಂಐಎಲ್/11.

ಬೆಂಗಳೂರು ದಂಡು 1809ರಲ್ಲಿ ನೆಲೆಯೂರಿದ್ದು. ಎಂ.ಜಿ. ರಸ್ತೆಯ ಪೂರ್ವದ ತುದಿಯ ಟ್ರಿನಿಟಿ ಚರ್ಚಿನ ಸ್ಮಾರಕ ಫಲಕಗಳನ್ನು ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಅದು ಆಂಗ್ಲಿಕನ್ (ಪ್ರಾಟೆಸ್ಟೆಂಟ್) ಪಂಥದವರ ಚರ್ಚಾಗಿತ್ತು, ಸಾಮಾನ್ಯ ಐರಿಷ್ ಸಿಪಾಯಿ ಹೆಚ್ಚಾಗಿ ಕ್ಯಾಥೊಲಿಕ್. ಬ್ರಿಗೇಡ್ ರಸ್ತೆ ಬಳಿಯ ಸೇಂಟ್ ಪ್ಯಾಟ್ರಿಕ್ಸ್‌ನಂಥ ಕ್ಯಾಥೊಲಿಕ್ ಚರ್ಚುಗಳಲ್ಲಿ ವರ್ಷ ತಿಳಿಸಿ ಪತ್ರ ಮುಖೇನ ಕೇಳಿ. ದಂಡಿನ ದೀಕ್ಷಾಸ್ನಾನ, ಮದುವೆ, ಸಾವುಗಳ ಪ್ರತಿಗಳಿಗೆ ಇಂಡಿಯಾ ಆಫೀಸಿನ ಮದ್ರಾಸ್ ಸರಣಿ ಎನ್/2 ಇದೆ. ಬೆಂಗಳೂರು ಮದ್ರಾಸಿನ ಲೆಕ್ಕದಲ್ಲಿ ಬರುತ್ತದೆ.

ಐರ್ಲೆಂಡಿನ ಕಡೆ ಕಷ್ಟ ಜಾಸ್ತಿ. ಸರ್ಕಾರಿ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. 1821ರಿಂದ 1851ರವರೆಗಿನ ಜನಗಣತಿಯ ಹೆಚ್ಚಿನ ಪಾಲು 1922ರಲ್ಲಿ ಡಬ್ಲಿನ್ನಿನಲ್ಲಿ ಸುಟ್ಟುಹೋಯಿತು. ಉಳಿಯುವ ದಾರಿ ಐರ್ಲೆಂಡಿನ ನ್ಯಾಷನಲ್ ಲೈಬ್ರರಿ ಉಚಿತವಾಗಿ ತೆರೆದಿಟ್ಟಿರುವ ಕ್ಯಾಥೊಲಿಕ್ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ದಾಖಲೆಗಳು. ಸೈನ್ಯ ಸೇರುವಾಗ ವಯಸ್ಸನ್ನು ಹೆಚ್ಚಾಗಿಯೋ ಕಡಿಮೆಯಾಗಿಯೋ ಹೇಳಿರುವ ಸಾಧ್ಯತೆ ಇದ್ದೇ ಇದೆ, ಆದ್ದರಿಂದ ಹಿಂದೆ ಮುಂದೆ ಮೂರ್ನಾಲ್ಕು ವರ್ಷ ನೋಡಿ. ಮಹೋನಿ ಎಂಬಂಥ ಮನೆತನದ ಹೆಸರನ್ನು ಓ'ಮಹೋನಿ ಎಂದೂ ಹುಡುಕಿ. ಹೆಸರಿನ ಜೊತೆ ಪ್ಯಾರಿಷ್, ಕಸುಬು, ಸೈನಿಕ ಸಂಖ್ಯೆಗಳಲ್ಲಿ ಕನಿಷ್ಠ ಎರಡಾದರೂ ಹೊಂದುವವರೆಗೆ ಇವನೇ ಅವನು ಎಂದು ಬರೆದಿಡಬೇಡಿ.