ಮೆಡಿಕೇರ್ ಅಕ್ರೆಡಿಟೇಶನ್‌ಗೆ ನಮ್ಮ ಸಣ್ಣ ಅಂಗಡಿ ತಯಾರಾದ ರೀತಿ

ಅಮೆರಿಕದಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್, ವೀಲ್‌ಚೇರ್, ಹಾಸ್ಪಿಟಲ್ ಬೆಡ್ ಮನೆಗೆ ಕೊಡೋ ಅಂಗಡಿ ತೆಗೆಯಬೇಕು ಅಂತ ಇರುವ ನಮ್ಮವರು ಆಗಾಗ ಫೋನ್ ಮಾಡುತ್ತಾರೆ. ಕೇಳೋದು ಒಂದೇ: "ಸಾರ್, ನಿಮ್ಮ ಪಾಲಿಸಿ ಮ್ಯಾನ್ಯುಯಲ್ ಸ್ವಲ್ಪ ಕಳಿಸ್ತೀರಾ?" ಅಂಗಡಿಯ ಕೆಲಸ ಹೇಗೆ ನಡೆಯುತ್ತೆ ಅಂತ ಬರೆದಿಡುವ ಪುಸ್ತಕ ಅದು. ನಾನು ಕಳಿಸಲ್ಲ. ಅದು ನಿಮಗೆ ಕೆಲಸಕ್ಕೆ ಬರಲ್ಲ, ಅಷ್ಟೇ.

ನಮ್ಮದು ನ್ಯೂಜೆರ್ಸಿಯಲ್ಲಿ ಸಣ್ಣ ಅಂಗಡಿ. ನಾನು, ಹೆಂಡತಿ, ಒಬ್ಬ ಡ್ರೈವರ್, ಬೇಕಾದಾಗ ಬಂದು ಹೋಗುವ ಒಬ್ಬ ರೆಸ್ಪಿರೇಟರಿ ಥೆರಪಿಸ್ಟ್. ಮೆಡಿಕೇರ್‌ಗೆ, ಅಂದರೆ ಮುಖ್ಯವಾಗಿ ಹಿರಿಯರಿಗಿರುವ ಅಮೆರಿಕ ಸರ್ಕಾರದ ಆರೋಗ್ಯ ವಿಮೆಗೆ, ಬಿಲ್ ಹಾಕಬೇಕಾದರೆ ಅಕ್ರೆಡಿಟೇಶನ್ ಇರಲೇಬೇಕು, ಅಂದರೆ ಹೊರಗಿನ ಸಂಸ್ಥೆಯೊಂದು ಅಂಗಡಿಯನ್ನ ಪರೀಕ್ಷಿಸಿ ಕೊಡುವ ಮಾನ್ಯತೆ. 2003ರ ಕಾನೂನಿನಿಂದ ಬಂದದ್ದು ಇದು. ಗುಣಮಟ್ಟದ ನಿಯಮಗಳು ಹೊರಬಂದದ್ದು 2006ರಲ್ಲಿ. 2009ರ ಅಕ್ಟೋಬರ್ 1ರಿಂದ ಹೆಚ್ಚುಕಡಿಮೆ ಎಲ್ಲ ಸಪ್ಲೈಯರ್‌ಗಳಿಗೂ ಕಡ್ಡಾಯ. ಇದರ ಜೊತೆಗೆ ಮೆಡಿಕೇರ್‌ನದೇ ಸಪ್ಲೈಯರ್ ನಿಯಮಗಳ ಪಟ್ಟಿ ಬೇರೆ ಇದೆ. ಕನಿಷ್ಠ 200 ಚದರಡಿ ಜಾಗ, ಹೊರಗೆ ಬೋರ್ಡು, ವಾರಕ್ಕೆ 30 ಗಂಟೆ ಬಾಗಿಲು ತೆರೆದಿರಬೇಕು, 3 ಲಕ್ಷ ಡಾಲರ್ ಲಯಬಿಲಿಟಿ ಇನ್ಶೂರೆನ್ಸ್, 50 ಸಾವಿರ ಡಾಲರ್ ಶ್ಯೂರಿಟಿ ಬಾಂಡ್ (ಜಾಮೀನು ಪತ್ರ). ಮೊಬೈಲ್ ನಂಬರನ್ನೇ ಅಂಗಡಿಯ ಮುಖ್ಯ ನಂಬರ್ ಅಂತ ಕೊಡೋ ಹಾಗಿಲ್ಲ. ಇವೆಲ್ಲ ದುಡ್ಡು ಕೊಟ್ಟರೆ, ಫಾರಂ ತುಂಬಿದರೆ ಆಗುವ ಕೆಲಸ.

ಕಷ್ಟ ಇರೋದು ಮ್ಯಾನ್ಯುಯಲ್‌ನಲ್ಲಿ. ರೆಡಿಮೇಡ್ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಒಂದೆರಡು ತಿರುವಿ ನೋಡಿದೆ. ವೆಂಟಿಲೇಟರ್ ಬಗ್ಗೆ ಪುಟಗಟ್ಟಲೆ, ನಾವು ವೆಂಟಿಲೇಟರ್ ಇಡೋದೇ ಇಲ್ಲ. ಇನ್ನೊಂದರಲ್ಲಿ "ಕ್ವಾಲಿಟಿ ಕಮಿಟಿ ಪ್ರತಿ ತಿಂಗಳು ಸಭೆ ಸೇರುತ್ತದೆ" ಅಂತಿತ್ತು. ನಮ್ಮ ಕಮಿಟಿ ಅಂದರೆ ರಾತ್ರಿ ಊಟ ಆದಮೇಲೆ ಮಾತಾಡೋ ನಾವಿಬ್ಬರು! ಹಾಗೆ ಬರೆದುಕೊಂಡರೆ ನಾಳೆ ಸಭೆಯ ಮಿನಿಟ್ಸ್ (ನಡಾವಳಿ) ಎಲ್ಲಿ ಅಂತ ಕೇಳುತ್ತಾರೆ. ಅಕ್ರೆಡಿಟೇಶನ್ ಸಂಸ್ಥೆಯಿಂದ ಪರೀಕ್ಷೆಗೆ ಬರುವ ಸರ್ವೇಯರ್ ಅಳೆಯೋದು ನಿಯಮದ ಜೊತೆಗೆ ನಿಮ್ಮ ಮಾತನ್ನೂ: ನೀವೇ ಬರೆದದ್ದು ನಿಮ್ಮ ಅಂಗಡಿಯಲ್ಲಿ ನಡೀತಿದೆಯಾ ಅಂತ. ಅದಕ್ಕೇ ಡ್ರೈವರ್ ಜೊತೆ ವ್ಯಾನಿನಲ್ಲಿ ಕೂತು, ಡಾಕ್ಟರ್ ಆರ್ಡರ್ ಬಂದಲ್ಲಿಂದ ಡೆಲಿವರಿ ಚೀಟಿಗೆ ಸಹಿ ಬೀಳುವವರೆಗೆ ಏನೇನಾಗುತ್ತೋ ಅದನ್ನೇ ಬರೆದೆ. ಮ್ಯಾನ್ಯುಯಲ್ ತೆಳ್ಳಗಾಯಿತು, ಆದರೆ ನಮ್ಮದಾಯಿತು.

ಜಾಸ್ತಿ ಕೆಲಸ ಆದದ್ದು ಗೋಡೌನಿನಲ್ಲಿ. ವಾಪಸ್ ಬಂದ ಸಾಮಾನು ಒಂದು ಕಡೆ, ತೊಳೆದು ಸಿದ್ಧವಾದದ್ದು ಇನ್ನೊಂದು ಕಡೆ, ಕೆಟ್ಟದ್ದು ಮೂರನೇ ಕಡೆ. ನೆಲದ ಮೇಲೆ ಬಣ್ಣದ ಟೇಪ್ ಹಚ್ಚಿದೆವು. ಕಾನ್ಸಂಟ್ರೇಟರ್ ವಾಪಸ್ ಬಂದರೆ ಮೊದಲು ಸೋಂಕುನಾಶಕದಿಂದ ಒರೆಸಬೇಕು, ಅದೂ ಸುಮ್ನೆ ಒರೆಸಿ ಒಣಗಿಸೋದಲ್ಲ, ಬಾಟಲಿಯ ಲೇಬಲ್‌ನಲ್ಲಿ ಎಷ್ಟು ನಿಮಿಷ ಒದ್ದೆಯಾಗಿರಬೇಕು ಅಂತ ಇರುತ್ತೋ ಅಷ್ಟು ಹೊತ್ತು ಒದ್ದೆಯಾಗೇ ಇರಬೇಕು. ಆಮೇಲೆ ಫಿಲ್ಟರ್ ಬದಲಿಸಿ, ಸ್ವಲ್ಪ ಹೊತ್ತು ಓಡಿಸಿ, ಅನಲೈಸರ್ ಹಿಡಿದು ಆಕ್ಸಿಜನ್ ಎಷ್ಟು ಪರ್ಸೆಂಟ್ ಬರುತ್ತಿದೆ ನೋಡಬೇಕು. ಒಳ್ಳೆ ಮಷಿನ್ 90ರ ಮೇಲೆ ತೋರಿಸುತ್ತೆ. ರೀಡಿಂಗ್, ತಾರೀಖು, ಸಹಿ ಎಲ್ಲ ಟ್ಯಾಗ್ ಮೇಲೆ. ಕೊನೆಗೆ ಪ್ಲಾಸ್ಟಿಕ್ ಕವರ್. ವ್ಯಾನಿನಲ್ಲೂ ಹಾಗೇ, ಕೊಳೆಯದು ಚೊಕ್ಕಟದ್ದರ ಪಕ್ಕ ಬರೋ ಹಾಗಿಲ್ಲ, ಸಿಲಿಂಡರ್ ಅಲುಗಾಡದ ಹಾಗೆ ಕಟ್ಟಿರಬೇಕು.

ರೋಗಿಗೆ ತಿಳಿಸಿ ಹೇಳೋದೂ ನಿಯಮದ ಒಂದು ಭಾಗ. ಆಕ್ಸಿಜನ್ ಇರುವ ಮನೆಗಳಲ್ಲಿ ಬೆಂಕಿಯ ಭಯಕ್ಕೆ ಎಲ್ಲ ಅಂಗಡಿಯವರೂ ಕೇಳೋದು ಸಿಗರೇಟಿನ ವಿಷಯ. ನಮ್ಮಲ್ಲಿಗೆ ಭಾರತದ ಹಿರಿಯರೂ ಬರುತ್ತಾರೆ, ಮಕ್ಕಳ ಜೊತೆ ಇರೋಕೆ ಬಂದವರು, ಗ್ರೀನ್ ಕಾರ್ಡಿನಲ್ಲಿ ಐದು ವರ್ಷ ಇಲ್ಲೇ ಕಳೆದು ದುಡ್ಡು ಕಟ್ಟಿ ಮೆಡಿಕೇರ್ ತಗೊಂಡವರು. ಒಬ್ಬ ಅಜ್ಜಿಯನ್ನ "ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತಾರಾ ಅಮ್ಮ?" ಅಂತ ಕೇಳಿದರೆ "ಶಿವ ಶಿವಾ, ಇಲ್ಲಪ್ಪ" ಅಂದರು. ಮೂಗಿಗೆ ಟ್ಯೂಬ್ ಹಾಕಿಕೊಂಡೇ ದೇವರ ದೀಪಕ್ಕೆ ಬತ್ತಿ ಹೊಸೀತಿದ್ದರು! ಫಾರಂನಲ್ಲಿ ಈ ಪ್ರಶ್ನೆಯೇ ಇರಲಿಲ್ಲ ನೋಡಿ. ನಾವು ದೀಪ, ಊದುಬತ್ತಿ, ಗ್ಯಾಸ್ ಒಲೆ ಅಂತ ಒಂದು ಸಾಲು ಸೇರಿಸಿದೆವು. ದೀಪ ಬೇರೆಯವರು ಹಚ್ಚಲಿ, ನೀವು ದೂರದಿಂದ ಕೈ ಮುಗೀರಿ ಅಂದರೆ ಒಪ್ಪುತ್ತಾರೆ.

ದೂರಿನ ಪುಸ್ತಕದ ಬಗ್ಗೆ ಒಂದು ಮಾತು. ಮೆಡಿಕೇರ್ ಇರುವ ರೋಗಿ ದೂರು ಕೊಟ್ಟರೆ ಐದು ದಿನದೊಳಗೆ "ಬಂದಿದೆ, ವಿಚಾರಿಸುತ್ತಿದ್ದೇವೆ" ಅಂತ ತಿಳಿಸಬೇಕು, ಹದಿನಾಲ್ಕು ದಿನದೊಳಗೆ ಏನಾಯಿತು ಅಂತ ಬರವಣಿಗೆಯಲ್ಲಿ ಕೊಡಬೇಕು. ಕೆಲವರು ಪುಸ್ತಕ ಖಾಲಿ ಇದ್ದರೆ ಒಳ್ಳೆಯದು ಅಂದುಕೊಳ್ಳುತ್ತಾರೆ. ಒಂದೂ ದೂರಿಲ್ಲದ ಅಂಗಡಿ ಇರುತ್ತಾ? ನಾವು ಡೆಲಿವರಿ ತಡ ಆಯಿತು ಅಂತ ಗೊಣಗಿದ್ದನ್ನೂ ಬರೆಯುತ್ತೇವೆ.

ಸರ್ವೇಯರ್ ಹೇಳದೇ ಕೇಳದೇ ಬರುತ್ತಾರೆ. ನಮ್ಮಲ್ಲಿಗೆ ಬಂದಾಕೆ ನನ್ನ ಜೊತೆ ಮಾತಾಡಿದ್ದು ಕಡಿಮೆ. ಸೀದಾ ಡ್ರೈವರ್ ಹತ್ತಿರ ಹೋಗಿ, "ಈಗ ತಂದ ಬೆಡ್ ಎಲ್ಲಿಡ್ತೀಯಾ, ಯಾಕೆ?" ಅಂತ ಕೇಳಿದರು. ಅವನು ಮ್ಯಾನ್ಯುಯಲ್ ಮುಟ್ಟಿದವನೇ ಅಲ್ಲ, ಆದರೆ ಅಲ್ಲಿರೋದು ಅವನ ಕೆಲಸವೇ ಅಲ್ವಾ, ಕರೆದುಕೊಂಡು ಹೋಗಿ ತೋರಿಸಿದ. ಆಮೇಲೆ ಪಟ್ಟಿಯಲ್ಲಿದ್ದ ಒಂದು ಸೀರಿಯಲ್ ನಂಬರ್ ಮೇಲೆ ಬೆರಳಿಟ್ಟು, ಇದು ಈಗ ಯಾರ ಮನೆಯಲ್ಲಿದೆ ಅಂದರು. ಹೆಂಡತಿ ಕಂಪ್ಯೂಟರಿನಲ್ಲಿ ಹುಡುಕಿ ಹೆಸರು, ವಿಳಾಸ, ಡೆಲಿವರಿ ಸಹಿ ತೆಗೆದು ಕೊಟ್ಟಳು.

ಈ ಸೀರಿಯಲ್ ನಂಬರ್ ಗೋಜಲು ಯಾಕೆ ಅಂತ ಆಗ ಅನಿಸಿದ್ದು ನಿಜ. 2021ರ ಜೂನ್‌ನಲ್ಲಿ ದೊಡ್ಡ ಕಂಪನಿಯೊಂದು ಒಳಗಿನ ಫೋಮ್ ಪುಡಿಯಾಗುತ್ತೆ ಅಂತ ನಿದ್ದೆಯಲ್ಲಿ ಉಸಿರು ಕಟ್ಟುವವರು ಬಳಸುವ ತನ್ನ ಸಿಪ್ಯಾಪ್ ಮಷಿನ್‌ಗಳನ್ನು ಲಕ್ಷಗಟ್ಟಲೆ ವಾಪಸ್ ಕರೆದಾಗ, ಯಾರ್‍ಯಾರ ಮನೆಯಲ್ಲಿ ಯಾವ ಮಷಿನ್ ಇದೆ ಅಂತ ಅದೇ ಪಟ್ಟಿ ಹಿಡಿದು ನಾವಿಬ್ಬರೂ ಫೋನ್ ಮಾಡೋಕೆ ಕೂತೆವು.