ಗುಳೆ ಬಂದವರ ಶೆಡ್ಡುಗಳಲ್ಲಿ ಮಹಿಳಾ ಸಂಘ: ನಾವು ಮಾಡುವ ರೀತಿ

ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಗುಳೆ ಬಂದ ಕಟ್ಟಡ ಕೆಲಸದ ಹೆಣ್ಣುಮಕ್ಕಳನ್ನು, ಮನೆಯೊಳಗಿನ ದೌರ್ಜನ್ಯದ ಬಗ್ಗೆ ಮಾತಾಡಲು, ನಾವು ಭಾನುವಾರ ಮಧ್ಯಾಹ್ನ ಸೇರಿಸುತ್ತೇವೆ. ಒಂದು ಗುಂಪಿಗೆ ಹನ್ನೆರಡು ಮಂದಿ ಸಾಕು. ಎಲ್ಲರೂ ಒಂದೇ ಊರಿನವರಾದರೆ ಗಂಡನ ಅಕ್ಕನೋ ನಾದಿನಿಯೋ ಅಲ್ಲೇ ಕೂತಿರುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ. ಅದಕ್ಕೆ ಎರಡು ಮೂರು ಊರಿನವರನ್ನು ಬೆರೆಸುತ್ತೇವೆ. ತಗಡಿನ ಗೋಡೆಯಾಚೆ ಪಿಸುಮಾತೂ ಕೇಳುವುದರಿಂದ ಶೆಡ್ಡಿನಲ್ಲಿ ಕೂರುವುದಿಲ್ಲ. ಅಂಗನವಾಡಿ ಒಳ್ಳೆಯ ಜಾಗ.

ಮೊದಲ ದಿನವೇ ಹೊಡೆತದ ಮಾತೆತ್ತಿದರೆ ಮುಂದಿನ ವಾರ ಮೇಸ್ತ್ರಿಯೇ ಅವರನ್ನು ತಡೆಯುತ್ತಾನೆ. ಮೊದಲ ಮೂರು ಸಭೆ ಕಾರ್ಮಿಕರ ಕಾರ್ಡ್, ರೇಷನ್, ಮಕ್ಕಳ ಅಂಗನವಾಡಿ ಸೇರ್ಪಡೆಗೇ ಮೀಸಲು. ಅದು ನೆಪವಾಗಬಾರದು, ಕೆಲಸ ಆಗಲೇಬೇಕು. ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದವರಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ನೋಂದಣಿ ಸಿಗುತ್ತದೆ. ಆ ಕಾರ್ಡು ಅವಳ ಹೆಸರಿನಲ್ಲೇ ಇರಲಿ.

ನಾಲ್ಕನೇ ವಾರ ಹುಣಸೆ ಬೀಜ ಹಂಚುತ್ತೇವೆ. ದುಡಿದ ದಿನಕ್ಕೊಂದು ಬೀಜ ಇಡಬೇಕು. ಆಮೇಲೆ ಕೂಲಿ ತನ್ನ ಕೈಗೆ ಬಂದ ದಿನಗಳ ಬೀಜವನ್ನಷ್ಟೇ ಬೇರೆ ಮಾಡಬೇಕು. ಬಟವಾಡೆ ಜೋಡಿ ಲೆಕ್ಕದಲ್ಲಿ, ಅಂದರೆ ಗಂಡ ಹೆಂಡತಿ ಇಬ್ಬರ ಕೂಲಿಯೂ ಒಟ್ಟಿಗೆ, ಗಂಡನ ಕೈಗೇ ಹೋಗುವುದರಿಂದ ಆ ಕಡೆ ಹೆಚ್ಚಾಗಿ ಖಾಲಿಯೇ ಇರುತ್ತದೆ. ದುಡಿದ ಹಣ ಕಿತ್ತುಕೊಳ್ಳುವುದೂ ಕೌಟುಂಬಿಕ ದೌರ್ಜನ್ಯ ಎಂದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೇಳುತ್ತದೆ. ಇದು ಅರ್ಥವಾದ ಮೇಲೆ ಬೈಗುಳ, ಹೊಡೆತ, ಒಲ್ಲದ ಮೈಮುಟ್ಟುವಿಕೆಯ ಮಾತು ತಾನಾಗಿ ಬರುತ್ತದೆ.

“ನಮ್ಮೂರು ಇಲ್ಲಲ್ರೀ ಅಕ್ಕಾರ, ನಮ್ಮನ್ನ ಯಾರು ಕೇಳ್ತಾರ?” ಇದೇ ದೊಡ್ಡ ಅಡ್ಡಿ. ಠಾಣೆಯಲ್ಲೂ ಕೆಲವೊಮ್ಮೆ “ಊರಲ್ಲಿ ದೂರು ಕೊಡಿ” ಎಂದು ಕಳಿಸಿಬಿಡುತ್ತಾರೆ. ಅದು ತಪ್ಪು. ಕಾಯ್ದೆಯ 27ನೇ ಕಲಮಿನ ಪ್ರಕಾರ ಅವಳು ತಾತ್ಕಾಲಿಕವಾಗಿ ಇರುವ ಅಥವಾ ಕೆಲಸ ಮಾಡುವ ಜಾಗದ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು. ಆಧಾರಿನಲ್ಲಿ ಸುರಪುರದ ವಿಳಾಸವಿದ್ದರೂ ಅಡ್ಡಿಯಿಲ್ಲ. ಇಲ್ಲಿ ಆದ ಆದೇಶ ಇಡೀ ದೇಶಕ್ಕೆ ಅನ್ವಯ, ಜಾತ್ರೆಗೆ ಊರಿಗೆ ಹೋದಾಗಲೂ ಗಂಡ ಅದನ್ನು ಮೀರುವಂತಿಲ್ಲ. ಈ ಒಂದು ಕಲಮಿಗೆ ಪೂರ್ತಿ ಒಂದು ಸಭೆ ಕೊಡುತ್ತೇವೆ.

ದೂರಿಗೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ. ಕರ್ನಾಟಕದಲ್ಲಿ ಈ ಕಾಯ್ದೆಯಡಿ ದೂರು ನೋಡಿಕೊಳ್ಳುವ ಸಂರಕ್ಷಣಾಧಿಕಾರಿ ಅವರೇ. ಅವರು ಕೌಟುಂಬಿಕ ಘಟನಾ ವರದಿ ಬರೆಯಬೇಕು, ಅದರ ಪ್ರತಿ ಅವಳಿಗೆ ಸಿಗಬೇಕು. ಠಾಣೆಯಲ್ಲಿ ಮುಚ್ಚಳಿಕೆ ಬರೆಸಿ ಕಳಿಸಿದರೆ ಕೆಲಸ ಮುಗಿಯಿತೆಂದು ಸುಮ್ಮನಾಗಬೇಡಿ, ಅದರಿಂದ ಕೋರ್ಟು ಕೊಡುವ ರಕ್ಷಣಾ ಆದೇಶ ಸಿಕ್ಕಂತಾಗುವುದಿಲ್ಲ. ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಕಾನೂನು ಪ್ರಕರಣವೆಂದು ಗಾಯದ ದಾಖಲೆ) ಮಾಡಿಸಿ. ವಕೀಲರ ನೆರವು ಹೆಂಗಸರಿಗೆ ಆದಾಯ ನೋಡದೆ ಉಚಿತ, 15100ಕ್ಕೆ ಕರೆ ಮಾಡಬೇಕು.

ಮಹಿಳಾ ಸಹಾಯವಾಣಿ 181, ತುರ್ತು ಕರೆಯ 112 ಎರಡನ್ನೂ ಬಾಯಿಪಾಠ ಮಾಡಿಸುತ್ತೇವೆ. ಫೋನಿನಲ್ಲಿ ಉಳಿಸಿದರೆ ಗಂಡ ನೋಡುತ್ತಾನೆ, ಚೀಟಿ ಕೊಟ್ಟರೂ ಅಷ್ಟೇ. ರಾತ್ರಿ ಗಲಾಟೆಯಾದರೆ ಸಂಘದವರು ಶೆಡ್ಡಿನ ಒಳಗೆ ನುಗ್ಗಬಾರದು, ಕುಡಿದವನು ಅವರ ಮೇಲೂ ಕೈ ಮಾಡುತ್ತಾನೆ. ಇಬ್ಬರು ದೂರ ನಿಂತು ಅವಳ ಹೆಸರು ಹಿಡಿದು ಕೂಗಲಿ, ಮೂರನೆಯವಳು 112ಕ್ಕೆ ಕರೆ ಮಾಡಲಿ.

ಸೈಟು ಮುಗಿದು ಶೆಡ್ಡು ಕಿತ್ತಾಗ ಕೋರ್ಟಿನ ತಾರೀಕು ತಪ್ಪುತ್ತದೆ. ಆದ್ದರಿಂದ ವಕೀಲರಿಗೆ ಎರಡು ನಂಬರು ಕೊಟ್ಟಿರಬೇಕು: ಅವಳದೊಂದು, ಸಂಘದ ಗೆಳತಿಯದೊಂದು.